ವಿಮಾನದ ಹೊದಿಕೆಗೊಂದು ಕಿಟಕಿ

ಮೇ ತಿಂಗಳ ಕೊನೆಯ ವಾರ ಒಂದು ಸಂಜೆ ಬೀಸಿದ ಗಾಳಿಗೆ, ಬೈಂದೂರಿನ ಆಚೆ ಮುರಕಲ್ಲಿನ ಬೋಳು ಬಯಲಿನಲ್ಲಿದ್ದ ನಮ್ಮ ಶೆಡ್ಡಿನ ಮಾಡು ಎದ್ದುಹೋಯಿತು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ತಗಡುಗಳು ಪಕ್ಕದ ಗೇರುಮರಗಳ ಹಾಡಿಯ ತುಂಬ ಚೆಲ್ಲಿಕೊಂಡಿದ್ದವು. ಕಬ್ಬಿಣದ ಕಂಬಗಳ ನಡುವೆ ವಿಮಾನ ಮಾತ್ರ ಏನೂ ಆಗದ ಹಾಗೆ, ತನಗೂ ಈ ಗಲಾಟೆಗೂ ಸಂಬಂಧವಿಲ್ಲದ ಹಾಗೆ ನಿಂತಿತ್ತು. ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈಮುಗಿದು ಚಾ ಕುಡಿಯಲು ಹೋಗುತ್ತಿದ್ದರು. ನಾನು ಆ ಕ್ಷಣದಿಂದಲೇ ದಿನ ಎಣಿಸಲು ಶುರುಮಾಡಿದೆ. ಮಳೆಗೆ ಉಳಿದದ್ದು ಹೆಚ್ಚೆಂದರೆ ಹದಿನೈದು ದಿನ.

ವಿಮಾನ ಎಂದರೆ ದೊಡ್ಡದೇನೂ ಅಲ್ಲ. ಎರಡು ಸೀಟು, ಒಂದು ಇಂಜಿನ್ನು, ಅಲ್ಯೂಮಿನಿಯಂ ತಗಡಿನ ಮೈ. ಕಾಗದಪತ್ರಗಳಲ್ಲಿ ‘ಲೈಟ್ ಸ್ಪೋರ್ಟ್’ ಎಂದು ಕರೆಯುವ ಜಾತಿಯದು. ಇಬ್ಬರು ಗಟ್ಟಿಯಾಳುಗಳು ಬಾಲ ಹಿಡಿದು ತಳ್ಳಿದರೆ ಎಲ್ಲಿಗೆ ಬೇಕಾದರೂ ಹೊರಳುತ್ತದೆ. ಅದರ ಯಜಮಾನರು ಬ್ರಹ್ಮಾವರ ಕಡೆಯ ಗದ್ದೆಮನೆಯವರು, ಮುಂಬಯಿಯಲ್ಲಿ ಹೋಟೆಲು ಇಟ್ಟವರು. ಆಸೆಪಟ್ಟು ತಂದರು, ಎರಡು ಸಲ ನನ್ನ ಪಕ್ಕ ಕೂತು ಹಾರಿದರು, ಮೂರನೆಯ ಸಲಕ್ಕೆ ವಾಂತಿ ಮಾಡಿಕೊಂಡರು. ಆಮೇಲೆ ಅದು ಹೆಸರಿಗೆ ಅವರದು, ಕೆಲಸಕ್ಕೆ ನನ್ನದು. ನಾನು ಮುಂಬಯಿಯ ವಿಮಾನ ನಿಲ್ದಾಣದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ತಗಡಿಗೆ ರಿವೆಟ್ ಹೊಡೆದವನು. ಐವತ್ತು ದಾಟಿದ ಮೇಲೆ ಹಟಕ್ಕೆ ಬಿದ್ದು ಹಾರಲು ಕಲಿತೆ. ನಿವೃತ್ತನಾಗಿ ನಾವುಂದದ ಮನೆಗೆ ಬಂದವನಿಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ಅಂಗಳದಲ್ಲಿ ಶತಪಥ ಹಾಕುತ್ತಿದ್ದಾಗ ಸಿಕ್ಕಿದ್ದು ಈ ಕೆಲಸ.

ಹಾರುವವನಿಗೆ ಎರಡು ಕಾಗದ ಸರಿ ಇರಬೇಕು. ವಿಮಾನ ಗಟ್ಟಿಯಿದೆ ಎಂದು ತಪಾಸಕರು ಕೊಡುವುದು ಒಂದು, ಹಾರುವವನು ಗಟ್ಟಿಯಿದ್ದಾನೆ ಎಂದು ಡಾಕ್ಟರು ಕೊಡುವುದು ಇನ್ನೊಂದು. ನನ್ನ ವೈದ್ಯಕೀಯ ಪತ್ರ ಆ ಡಿಸೆಂಬರಿನ ನಡುವಿಗೆ ಮುಗಿಯುವುದಿತ್ತು. ಕಳೆದ ಸಲವೇ ಡಾಕ್ಟರು ರಕ್ತದೊತ್ತಡದ ಪಟ್ಟಿಯನ್ನು ಮೂರು ಸಲ ತೋಳಿಗೆ ಸುತ್ತಿ, ಮೂರನೆಯ ಸಲ ಹೇಗೋ ಇಳಿದದ್ದನ್ನು ಬರೆದುಕೊಂಡು, ಕನ್ನಡಕದ ಮೇಲಿಂದ ನನ್ನನ್ನು ನೋಡಿದ್ದರು. ಮುಂದಿನ ಸಲ ಸಿಗುತ್ತದೆಂಬ ನಂಬಿಕೆ ನನಗಿರಲಿಲ್ಲ. ನಮ್ಮಲ್ಲಿ ಹಾರಾಟ ಶುರುವಾಗುವುದು ಮಳೆ ಬಿಟ್ಟ ಮೇಲೆ, ಸೆಪ್ಟೆಂಬರಿನ ಕೊನೆಗೆ. ಅಲ್ಲಿಂದ ಡಿಸೆಂಬರಿನವರೆಗೆ, ಆ ಎರಡೂವರೆ ತಿಂಗಳು, ಬಹುಶಃ ನನ್ನ ಪಾಲಿಗೆ ಕೊನೆಯದು. ಅದು ನನಗೆ ಬೇಕಿತ್ತು. ಅದಕ್ಕೆ ವಿಮಾನ ಮಳೆಗಾಲವನ್ನು ದಾಟಿ ತಪಾಸಣೆಯಲ್ಲಿ ಪಾಸಾಗಬೇಕಿತ್ತು.

ಬೇರೆ ಊರಿನ ಹ್ಯಾಂಗರುಗಳಲ್ಲಿ ಜಾಗ ಕೇಳಿದೆವು. ಮಳೆಗಾಲಕ್ಕೆ ಎಲ್ಲರ ವಿಮಾನವೂ ಒಳಗೇ. ಯಜಮಾನರು ಫೋನಿನಲ್ಲಿ, ರೆಕ್ಕೆ ಬಿಚ್ಚಿ ಊರಿನಲ್ಲಿದ್ದ ತಮ್ಮ ಮದುವೆ ಮಂಟಪದಲ್ಲಿ ಇಡಬಹುದಲ್ಲ ಎಂದರು. ಆಷಾಢದ ತನಕ ಅಲ್ಲಿ ಮದುವೆಗಳಿದ್ದವು. ವಧೂವರರ ಹಿಂದೆ ರೆಕ್ಕೆ ಒರಗಿಸಿಟ್ಟ ಫೋಟೋ ನನ್ನ ಕಣ್ಣಮುಂದೆ ಬಂತು. ಹೊಸ ಶೆಡ್ಡು ಮಳೆ ಮುಗಿಯದೆ ಆಗುವುದಿಲ್ಲ. ಹೊರದೇಶದಲ್ಲಿ ಇಂಥ ವಿಮಾನಗಳಿಗೆ ಅಳತೆಗೆ ಸರಿಯಾಗಿ ಹೊಲಿದ ಹೊದಿಕೆ ಸಿಗುತ್ತದೆ, ಆದರೆ ಬರಲು ಮೂರು ತಿಂಗಳು. ಉಳಿದದ್ದು ಒಂದೇ ದಾರಿ. ಇಲ್ಲೇ ಹೊಲಿಸಬೇಕು, ಹದಿನೈದು ದಿನದೊಳಗೆ.

ಆ ದಿನಗಳಲ್ಲಿ ನಾನು ಮನುಷ್ಯನಾಗಿರಲಿಲ್ಲ. ಬೆಳಿಗ್ಗೆ ಸ್ಕೂಟರು ಹತ್ತಿದರೆ ಕುಂದಾಪುರ, ಮಧ್ಯಾಹ್ನ ಬ್ರಹ್ಮಾವರ, ಸಂಜೆಗೆ ಬೈಂದೂರು. ಊಟ ಎಲ್ಲಿ ಸಿಕ್ಕಿತೋ ಅಲ್ಲಿ. ಎಲ್ಲೆಲ್ಲಿ ದಪ್ಪ ಬಟ್ಟೆ ಕಂಡಿತೋ ಅಲ್ಲೆಲ್ಲ ಅಂಗೈ ಅಗಲದ ತುಂಡು ಬೇಡಿ ತಂದೆ. ಮನೆಯ ಹಿಂದೆ ಹಳೆಯ ಅಲ್ಯೂಮಿನಿಯಂ ತಗಡುಗಳ ಮೇಲೆ ಅವನ್ನು ಹಾಸಿ, ಉಪ್ಪುನೀರು ಚಿಮುಕಿಸಿ, ಕಲ್ಲು ಹೇರಿ ಇಟ್ಟೆ. ಕೆಲವನ್ನು ಬಚ್ಚಲಿನ ನಲ್ಲಿಯ ಕೆಳಗೆ ಕಟ್ಟಿದೆ. ಮೃದುವೋ ಒರಟೋ ತಿಳಿಯಲು ಪ್ರತಿಯೊಂದನ್ನೂ ಕೆನ್ನೆಗೆ ಉಜ್ಜಿ ನೋಡಿದೆ. ಕೆನ್ನೆ ಕೆಂಪಾದದ್ದು ನೋಡಿ ಹೆಂಡತಿ ಮೊದಲು ಹೆದರಿದಳು, ಕಾರಣ ತಿಳಿದ ಮೇಲೆ ನಕ್ಕಳು.

"ಇದ್ ಎಂತ, ವಿಮಾನಕ್ ಮದಿಯಾ? ಹೆಣ್ಣಿಗ್ ಸೀರಿ ತೆಗುಕೂ ಇಷ್ಟ್ ಅಂಗ್ಡಿ ತಿರ್ಗುದಿಲ್ಲೆ."

ಅವಳ ಚೇಷ್ಟೆಗೆ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ತೊಂದರೆ ಇದ್ದದ್ದು ಹೀಗೆ. ನೀಲಿ ಟಾರ್ಪಾಲು ಎಲ್ಲ ಕಡೆ ಸಿಗುತ್ತದೆ, ಆದರೆ ಗಾಳಿಗೆ ಪಟಪಟ ಬಡಿದುಕೊಂಡು ಬಣ್ಣ ತಿನ್ನುತ್ತದೆ. ಅದರ ಅಂಚಿನ ಹಿತ್ತಾಳೆ ಬಳೆಗಳು ಗಾಜಿನಂಥ ಮುಂಭಾಗಕ್ಕೆ ತಾಗಿದರೆ ಮುಗಿಯಿತು. ಬ್ರಹ್ಮಾವರದಲ್ಲಿ ಲಾರಿಗೆ ಹಾಕುವ ದಪ್ಪ ಹಾಳೆ ಸಿಕ್ಕಿತು. ಅದರಲ್ಲಿ ನೀರು ಒಳಗೆ ಹೋಗುವುದಿಲ್ಲ, ಒಳಗಿನ ಹಬೆಯೂ ಹೊರಗೆ ಬರುವುದಿಲ್ಲ. ಉಸಿರಾಡುವ ಬಟ್ಟೆ ಎಂದು ಕಾರಿನ ಅಂಗಡಿಯವರು ಹೊಗಳಿದ್ದನ್ನು ನಲ್ಲಿಯ ಕೆಳಗೆ ಹಿಡಿದರೆ ಹತ್ತು ನಿಮಿಷಕ್ಕೆ ತೊಟ್ಟಿಕ್ಕಲು ಶುರು. ನಮ್ಮ ಮಳೆ ಅದನ್ನು ಮಾಡಿದವರ ಊರಿನ ಮಳೆಯಲ್ಲ. ನೀರು ತಡೆಯಬೇಕು, ಹಬೆ ಬಿಡಬೇಕು, ಮೈಗೆ ಮೆತ್ತಗಿರಬೇಕು. ಮೂರೂ ಒಟ್ಟಿಗೆ ಇರುವ ಬಟ್ಟೆ ಕುಂದಾಪುರದಲ್ಲೂ ಇರಲಿಲ್ಲ, ಬ್ರಹ್ಮಾವರದಲ್ಲೂ ಇರಲಿಲ್ಲ.

ಕೊನೆಗೆ ಕುಂದಾಪುರದಲ್ಲಿ ರಿಕ್ಷಾಗಳಿಗೆ ಹುಡ್ಡು ಹೊಲಿಯುವ ಒಬ್ಬರ ಹತ್ತಿರ ಹೋಗಿ ಕೂತೆ. ನನ್ನದೇ ಪ್ರಾಯದವರು, ಬಾಯಲ್ಲಿ ಸದಾ ಎರಡು ಗುಂಡುಸೂಜಿ. ನನ್ನ ಕತೆಯನ್ನೆಲ್ಲ ಕೇಳಿ, ಸೂಜಿ ತೆಗೆಯದೆಯೇ, ಬಂದು ನೋಡುತ್ತೇನೆ ಎಂದರು. ಮಾರನೆಯ ದಿನ ಬಸ್ಸಿನಲ್ಲಿ ಬಂದರು. ವಿಮಾನಕ್ಕೆ ಎರಡು ಸುತ್ತು ಹಾಕಿ, ಟೇಪು ಹಿಡಿದು ಅಳೆದು, ಒಳಗೆ ಇಣುಕಿದರು.

"ಹ್ವಾಯ್, ಇದ್ಕೆ ಮೀಟ್ರ್ ಇಲ್ಯಾ?"

ಇಲ್ಲ ಎಂದೆ. "ಹಿಂದ್ಗಡಿ ಎಂತ ಬರಿಕ್ ಹಾಂಗಾರೆ?" ಎಂದು ಮತ್ತೆ ಕೇಳಿದರು. ರಿಕ್ಷಾ ಹುಡ್ಡಿನ ಹಿಂದೆ ಏನಾದರೂ ಬರೆಸುವುದು ರೂಢಿ, ತಾಯಿಯ ಆಶೀರ್ವಾದವೋ ದೇವರ ಹೆಸರೋ. ಏನೂ ಬೇಡ, ನೀರು ಒಳಗೆ ಹೋಗದಿದ್ದರೆ ಸಾಕು ಎಂದೆ. ಮನುಷ್ಯ ಕೆಲಸದಲ್ಲಿ ಗಟ್ಟಿ. ಮೂಗಿನಿಂದ ಸೀಟಿನ ಹಿಂದಿನವರೆಗೆ ಒಂದು ತುಂಡು, ಎರಡು ರೆಕ್ಕೆಗೆ ಎರಡು ಚೀಲ, ಬಾಲಕ್ಕೆ ಒಂದು. ಹೊರಗೆ ಹುಡ್ಡಿನ ರೆಕ್ಸಿನ್ನು. ಒಳಗೆ ಮೆತ್ತನೆಯ ಬಟ್ಟೆ ಯಾವುದು ಎಂದರೆ, ಹಳೆಯ ಹತ್ತಿ ಸೀರೆಯಷ್ಟು ಮೆತ್ತಗಿನದು ಬೇರೊಂದಿಲ್ಲ, ಮನೆಯಲ್ಲಿದ್ದರೆ ತನ್ನಿ ಎಂದರು.

ಹೆಂಡತಿ ಟ್ರಂಕು ತೆಗೆದು ಏಳೆಂಟು ಸೀರೆ ಆರಿಸಿದಳು. ಅವಳು ಮರವಂತೆಯ ಹುಡುಗಿ. ತಾಯಿಯ ಜೊತೆ ಕಡಲ ದಂಡೆಯಲ್ಲಿ ಮೀನು ಒಣಗಿಸಿ ಬೆಳೆದವಳು. ಮೋಡ ಕವಿದರೆ ಮುಚ್ಚುವುದು, ಬಿಸಿಲು ಇಣುಕಿದರೆ ಬಿಚ್ಚುವುದು ಅವಳಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಸೀರೆಗಳನ್ನು ನನ್ನ ಕೈಗೆ ಕೊಡುವಾಗ ಒಂದು ಮಾತು ಹೇಳಿದಳು.

"ಹತ್ತಿ ಬಟ್ಟಿ ನೀರ್ ಕುಡಿತ್ತ್. ಬಿಸ್ಲ್ ಬಂದಾಗೆಲ್ಲ ಬಿಚ್ಚಿ ಒಣ್ಗ್ಸುದಾರೆ ಅಡ್ಡಿಲ್ಲೆ. ಇಲ್ದಿರೆ ಇದ್ ಬ್ಯಾಡ."

ಒಣಗಿಸುತ್ತೇನೆ ಎಂದೆ. ತಗಡಿಗೆ ಒದ್ದೆ ಹತ್ತಿ ತಾಗಿ ಕೂತರೆ ಏನಾಗುತ್ತದೆ ಎಂದು ಮೂವತ್ತು ವರ್ಷ ನೋಡಿದವನು ನಾನು. ಇದನ್ನು ಇಲ್ಲೇ ಬರೆದುಬಿಡುತ್ತೇನೆ, ಗೊತ್ತಿರಲಿಲ್ಲ ಎಂದು ಆಮೇಲೆ ಯಾರೂ ನನ್ನ ಪರವಾಗಿ ಹೇಳಬಾರದು.

ಹೊದಿಕೆ ಹೊಲಿದು ಬಂದ ದಿನ ಆಕಾಶ ಕಪ್ಪಾಗಿತ್ತು. ವಿಮಾನವನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಕೀಲುಗಳಿಗೆ ಎಣ್ಣೆ ಬಿಟ್ಟು ಸಿದ್ಧ ಮಾಡಿದ್ದೆ. ಹೊದೆಸಿ ನೋಡಿದರೆ ಅಂಗಿ ತೊಡಿಸಿದಷ್ಟು ಸರಿಯಾಗಿ ಕೂತಿತು. ಹಿಂಭಾಗಕ್ಕೆ ಬಂದವನು ಮಾತ್ರ ನಿಂತುಬಿಟ್ಟೆ. ಸೀಟಿನ ಹಿಂದೆ, ಬೆನ್ನಿನ ಮೇಲೆ ಬರುವ ಜಾಗದಲ್ಲಿ, ಒಂದು ಗೇಣು ಅಗಲದ ಪ್ಲಾಸ್ಟಿಕ್ಕಿನ ಕಿಟಕಿ.

ಇದೇನು ಎಂದು ಕೇಳಿದೆ. ಹುಡ್ಡಿನವರಿಗೂ ಆಗಲೇ ಅರಿವಾದದ್ದು. ಬಾಯಿಂದ ಗುಂಡುಸೂಜಿ ತೆಗೆದರು. "ಕೈ ಅಭ್ಯಾಸ ಮಾರಾಯ್ರೆ. ಹುಡ್ಡ್ ಅಂದ್ ಮೇಲೆ ಹಿಂದೆ ಕಿಟ್ಕಿ ಇರತ್ತಲೆ."

ನಾನು ಬೈದೆ. ಕಿಟಕಿಯಿಂದ ಬಿಸಿಲು ಒಳಗೆ ಬೀಳುತ್ತದೆ, ಹೊಲಿಗೆಯ ಸುತ್ತ ನೀರು ಇಳಿಯುತ್ತದೆ ಎಂದು ಕೂಗಾಡಿದೆ. ಅವರು ಅಲ್ಲೇ ಕೂತು ಅದರ ಮೇಲೆ ರೆಕ್ಸಿನ್ನಿನ ಒಂದು ಮುಚ್ಚಳ ಹೊಲಿದು, ಎರಡು ಒತ್ತುಗುಂಡಿ ಹಾಕಿ ಕೊಟ್ಟರು. ಬೇಕಾದರೆ ಎತ್ತಿ ನೋಡಬಹುದು, ಬೇಡವಾದರೆ ಮುಚ್ಚಿರುತ್ತದೆ. ನನಗೆ ಯಾಕೆ ಬೇಕಾಗುತ್ತದೆ ಎಂದು ಗೊಣಗಿದೆ.

ಹಗ್ಗ ಕಟ್ಟಲು ಬಂದಿದ್ದವನು ಹೆಂಡತಿಯ ಅಣ್ಣ. ಮರವಂತೆಯವನು, ಇಂದಿಗೂ ಮರದ ದೋಣಿ ಇಟ್ಟುಕೊಂಡವನು. ಬಿರುಗಾಳಿಗೆ ಯಾವುದನ್ನು ಹೇಗೆ ಕಟ್ಟಬೇಕು ಎಂಬುದರಲ್ಲಿ ಈ ಕರಾವಳಿಯಲ್ಲಿ ಅವನ ಕೈ ಮೀರಿಸಿದವರನ್ನು ನಾನು ಕಂಡಿಲ್ಲ. ನೆಲದಲ್ಲಿ ಹೂತ ಕಾಂಕ್ರೀಟು ಗಟ್ಟಿಗಳಿಗೆ ರೆಕ್ಕೆಗಳನ್ನೂ ಬಾಲವನ್ನೂ ಬಿಗಿದ. ಕೊನೆಯ ಗಂಟು ಹಾಕಿದ ಮೇಲೆ ಚೀಲದಿಂದ ತೆಂಗಿನಕಾಯಿ ತೆಗೆದು, ವಿಮಾನದ ಮೂಗಿನ ಮುಂದೆ ಒಡೆದ. ದೋಣಿಯನ್ನು ದಂಡೆಗೆ ಎಳೆದು, ತೆಂಗಿನ ಮಡಲಿನ ತಟ್ಟಿ ಹೊದೆಸಿ ಕಟ್ಟಿದ ಮೇಲೆ ಅವರ ಮನೆಯಲ್ಲಿ ಮಾಡುವ ಕ್ರಮ ಇದು. ಒಮ್ಮೆ ಕಾಯಿ ಒಡೆದ ಮೇಲೆ ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ಪೂಜೆ ಮಾಡುವ ತನಕ ಆ ಹೊದಿಕೆಯನ್ನು ಯಾರೂ ಬಿಚ್ಚುವುದಿಲ್ಲ.

"ಇನ್ ಹುಣ್ಮಿವರಿಗೆ ಇದ್ರ್ ಮೈ ಮುಟ್ಟುಕಾಗ ಭಾವ," ಎಂದ. "ಕಟ್ಟಿದ್ ಹಾಂಗೇ ಇರ್ಕ್. ನೀವೂ ತಲಿಬಿಸಿ ಮಾಡ್ಕಂಬುಕಾಗ."

ಆ ಮಾತು ಕೇಳಿ ನನಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ. ಎರಡು ವಾರದಿಂದ ಕುದಿಯುತ್ತಿದ್ದ ತಲೆಗೆ ತಣ್ಣೀರು ಹೊಯ್ದ ಹಾಗಾಯಿತು. ನಾನು ದೇವರು ದಿಂಡರೆಂದು ಹಚ್ಚಿಕೊಂಡವನಲ್ಲ. ಆದರೆ ನೋಡಬೇಡ ಎಂದು ಯಾರಾದರೂ ಹೇಳಬೇಕಿತ್ತು ನನಗೆ. ನೋಡಿದರೆ ಏನು ಕಾಣುತ್ತದೋ ಎಂಬ ಹೆದರಿಕೆ ಇದ್ದವನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅದೇ ವಾರ ಮಾತ್ರೆಗೆಂದು ಹೋದಾಗ ಕುಂದಾಪುರದ ಡಾಕ್ಟರು ಹೆಂಡತಿಯನ್ನು ಪಕ್ಕಕ್ಕೆ ಕರೆದು, ಇವರಿಗೆ ಟೆನ್ಷನ್ ಕೊಡಬೇಡಿ ಎಂದಿದ್ದರು. ಮನೆಯಲ್ಲಿದ್ದ ರಕ್ತದೊತ್ತಡ ನೋಡುವ ಯಂತ್ರವನ್ನೂ ನಾನು ಜೂನಿನಲ್ಲೇ ಕಪಾಟಿನ ಮೇಲಿನ ಅರೆಗೆ ಸೇರಿಸಿದೆ. ನೋಡಿದರೇ ಏರುತ್ತದೆ ಎಂಬುದು ನನ್ನ ವಾದ.

ನೆಮ್ಮದಿ ಮೂರು ದಿನ ಇತ್ತು. ನಾಲ್ಕನೆಯ ದಿನ ಮಳೆ ಹಿಡಿಯಿತು. ತ್ರಾಸಿಯಲ್ಲಿ ಕಡಲು ಹೆದ್ದಾರಿಯ ಕಲ್ಲುಗಳಿಗೆ ಬಡಿದು ರಸ್ತೆಗೆ ಉಪ್ಪುನೀರು ಚಿಮ್ಮುತ್ತಿದೆ ಎಂದು ಬಸ್ಸಿನವರು ಹೇಳಿದರು. ಆ ಉಪ್ಪು ಗಾಳಿಯಲ್ಲಿ ಎಷ್ಟು ದೂರ ಬರುತ್ತದೆ ಎಂದು ನಾನು ಲೆಕ್ಕ ಹಾಕತೊಡಗಿದೆ. ದಿನಾ ಬೆಳಿಗ್ಗೆ ಮಳೆಕೋಟು ತೊಟ್ಟು ಬೈಂದೂರಿನ ಬಯಲಿಗೆ ಹೋಗುವುದು, ಹಗ್ಗ ಎಳೆದು ನೋಡುವುದು, ಹೊದಿಕೆಯ ಮೇಲೆ ಗುಳಿ ಬಿದ್ದು ನಿಂತ ನೀರನ್ನು ಅಂಗೈಯಿಂದ ತಳ್ಳುವುದು, ಸುತ್ತು ಬರುವುದು, ಕಿಟಕಿಯ ಮುಚ್ಚಳದ ಹತ್ತಿರ ನಿಲ್ಲುವುದು, ಅದನ್ನು ಮುಟ್ಟದೆ ವಾಪಸು ಬರುವುದು. ಮನೆಗೆ ಬಂದರೆ ಊಟದ ನಡುವೆ ಎದ್ದು ಬಾಗಿಲಿಗೆ ಹೋಗಿ ಆಕಾಶ ನೋಡುವುದು. ನನ್ನ ಓಡಾಟ ನೋಡಿ ಹೆಂಡತಿಗೆ ತಲೆ ತಿರುಗುತ್ತಿತ್ತು. "ಒಂದ್ಕಡಿ ಕೂಕಣಿ, ನೆಲ ಸವೆತ್ತ್" ಎನ್ನುತ್ತಿದ್ದಳು.

ಜುಲೈ ನಡುವಿನಲ್ಲಿ ಮಳೆ ಹೊಳವಾಯಿತು. ನಾಲ್ಕು ದಿನ ಸತತ ಬಿಸಿಲು. ಊರಿಗೆ ಊರೇ ಹೊರಗೆ ಬಂತು. ಹಾಸಿಗೆ, ಅಕ್ಕಿ, ಒಣಮೀನು, ಛತ್ರಿ, ಚಪ್ಪಲಿ, ಎಲ್ಲದಕ್ಕೂ ಬಿಸಿಲು ಬೇಕು. ಎರಡನೆಯ ದಿನ ನಾನು ಬ್ರಹ್ಮಾವರಕ್ಕೆ ಹೋಗಿದ್ದೆ, ಯಜಮಾನರು ಊರಿಗೆ ಬಂದಿದ್ದರು, ಹೊಸ ಶೆಡ್ಡಿನ ಮಾತಿತ್ತು. ಮೂರನೆಯ ದಿನ ಬೆಳಿಗ್ಗೆ ಚಾ ಕೊಡುವಾಗ ಹೆಂಡತಿ ಹೇಳಿದಳು.

"ಇವತ್ ಹೋಯಿ ಅದ್ರ್ ಬಿಚ್ಚಿ ಬನ್ನಿ. ಒಂಚೂರ್ ಗಾಳಿ ಆಡ್ಲಿ."

"ಹುಣ್ಣಿಮೆ ತನಕ ಆಗದು ಅಂದಿದ್ದಾನಲ್ಲ ನಿನ್ನ ಅಣ್ಣ," ಎಂದೆ.

"ಅಣ್ಣಂಗೆ ಗೊತ್ತಿಪ್ಪುದ್ ದೋಣಿ. ವಿಮಾನ ಗೊತ್ತಿಪ್ಪುದ್ ನಿಮ್ಗಲ್ದಾ?"

ಹೋದೆ. ಬಯಲಿನಲ್ಲಿ ಮುರಕಲ್ಲಿನ ನಡುವೆ ಹುಲ್ಲು ಹಸುರಾಗಿ ಎದ್ದಿತ್ತು. ಹೊದಿಕೆ ಬಿಸಿಲಿಗೆ ಕಾದು ಕೈಯಿಟ್ಟರೆ ಸುಡುತ್ತಿತ್ತು. ಮೊದಲ ಬಕಲಿಗೆ ಬೆರಳು ಹಾಕಿದೆ. ಬಿಚ್ಚಿ, ನೋಡಬಾರದ್ದು ಕಂಡರೆ ಸೆಪ್ಟೆಂಬರಿನವರೆಗೆ ಅದನ್ನೇ ಎದೆಯಲ್ಲಿಟ್ಟುಕೊಂಡು ಹೇಗಿರಲಿ ಎನಿಸಿತು. ಕಾಯಿ ಒಡೆದು ಕಟ್ಟಿದ್ದು, ಬಿಚ್ಚಿದ ಮೇಲೆ ಏನಾದರೂ ಆದರೆ ಭಾವ ಏನು ಹೇಳಿಯಾನು ಎಂದೂ ಅನಿಸಿತು, ಅಥವಾ ಹಾಗೆ ಅನಿಸಲಿ ಎಂದು ನಾನೇ ಬಯಸಿದೆ. ಬೆರಳು ತೆಗೆದೆ. ನಾಲ್ಕು ಸುತ್ತು ಬಂದು ಮನೆಗೆ ಮರಳಿದೆ. ಬಿಚ್ಚಿದಿರಾ ಎಂದು ಅವಳು ಕೇಳಿದಳು. ಇಲ್ಲ ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಒಳಗೆ ಹೋದಳು.

ಹುಣ್ಣಿಮೆಯ ದಿನ ಮರವಂತೆಯಲ್ಲಿ ಪೂಜೆ ಮುಗಿಸಿ ಭಾವ ನೇರ ಬಯಲಿಗೆ ಬಂದ, ಹಣೆಯಲ್ಲಿ ಕುಂಕುಮದೊಂದಿಗೆ. ಇಬ್ಬರೂ ಸೇರಿ ಬಿಚ್ಚಿದೆವು. ಮೊದಲು ಬಂದದ್ದು ವಾಸನೆ, ಮಳೆಗಾಲದಲ್ಲಿ ಒಣಗದ ಲುಂಗಿಯ ವಾಸನೆ. ಹೊದಿಕೆ ಎತ್ತಲು ಹೋದರೆ ಒಳಗಿನ ಸೀರೆಗಳು ನೀರು ಕುಡಿದು ಭಾರವಾಗಿ ಮೈಗೆ ಅಂಟಿಕೊಂಡಿದ್ದವು. ಕಿತ್ತು ತೆಗೆದೆವು. ಬಿಳಿಯ ಬಲರೆಕ್ಕೆಯ ಬುಡದಲ್ಲಿ ಹೆಂಡತಿಯ ಕೆಂಪು ಸೀರೆಯ ಅಂಚು, ಚೌಕುಳಿ ಚೌಕುಳಿಯಾಗಿ, ಅಚ್ಚೊತ್ತಿದ ಹಾಗೆ ಬಿದ್ದಿತ್ತು. ಅದನ್ನು ನೋಡಿ ಇಬ್ಬರಿಗೂ ಒಂದು ಕ್ಷಣ ನಗು ಬಂತು. ಆಮೇಲೆ ನಾನು ಸೀಟಿನ ಹಿಂದೆ ಬೆನ್ನಿನ ತಗಡನ್ನು ನೋಡಿದೆ. ಬಣ್ಣ ಗುಳ್ಳೆ ಎದ್ದಿತ್ತು. ಉಗುರಿನಿಂದ ಕೆರೆದರೆ ಗುಳ್ಳೆ ಒಡೆದು, ಒಳಗಿನಿಂದ ಬಿಳಿ ಪುಡಿ ಉದುರಿತು. ರಿವೆಟುಗಳ ಸುತ್ತಲೂ ಅದೇ ಪುಡಿ. ಅಲ್ಯೂಮಿನಿಯಂ ಕೊಳೆತರೆ ಹೀಗೆಯೇ. ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತೆ.

ಭಾವ ಬೆರಳಿನಿಂದ ಪುಡಿ ಮುಟ್ಟಿ, ಮೂಸಿ ನೋಡಿದ. ಬೆರಳು ಒರೆಸಿಕೊಂಡು ಹೇಳಿದ. "ನಮ್ ದೋಣಿಗೆ ಒಳ್ಗೆ ಪಸಿ ಇರ್ಕೇ ಭಾವ. ಬಿಸ್ಲ್ ಕಂಡ್ರೆ ಹಲ್ಗಿ ಒಡಿತ್ತ್. ಅದ್ಕೇ ಮುಚ್ಚುದ್, ಅದ್ಕೇ ಬಿಚ್ಚುದಿಲ್ಲೆ. ಇದ್ ತಗಡ್ ಅಂಬುದ್ ನಂಗ್ ತಲಿಗೇ ಹೋಯ್ಲಿಲ್ಲೆ."

ಮರಕ್ಕೆ ಪಸೆ ಬೇಕು, ತಗಡಿಗೆ ಪಸೆ ವಿಷ. ಅವನಿಗೆ ಅದು ತಲೆಗೆ ಹೋಗದಿದ್ದದ್ದು ಸಹಜ. ನನಗೆ ಹೋಗಿತ್ತು. ಅವನ ತಪ್ಪಿಲ್ಲ ಎಂದು ಹೇಳಬೇಕಿತ್ತು, ಹೇಳದೆ ಎದ್ದು ಹಗ್ಗ ಸುತ್ತತೊಡಗಿದೆ. ಒಂದು ವಾರ ಅವನು ಫೋನು ಮಾಡಿದರೂ ಎತ್ತಲಿಲ್ಲ. ಆಮೇಲೆ ನಾಚಿಕೆಯಾಗಿ ನಾನೇ ಮರವಂತೆಗೆ ಹೋಗಿ, ಅವನ ಅಂಗಳದಲ್ಲಿ ನಿಂತು, ನನಗೆ ನೋಡಲು ಹೆದರಿಕೆಯಿತ್ತು, ನಿನ್ನ ಮಾತು ಅನುಕೂಲವಾಯಿತು, ಅಷ್ಟೇ ಎಂದೆ. ಅವನು ಒಳಗೆ ಹೋಗಿ ಎಳನೀರಿನ ಬೊಂಡ ಕೆತ್ತಿ ತಂದುಕೊಟ್ಟ.

ತಪಾಸಕರು ಸೆಪ್ಟೆಂಬರಿನಲ್ಲಿ ಬಂದರು. ಟಾರ್ಚು ಹಿಡಿದು, ಕನ್ನಡಿ ಹಿಡಿದು, ಅರ್ಧ ದಿನ ನೋಡಿದರು. ಬೆನ್ನಿನ ಒಂದು ತಗಡು ಬದಲಿಸಬೇಕು, ರೆಕ್ಕೆಯ ಬುಡವನ್ನು ಕೆರೆದು ಮದ್ದು ಹಚ್ಚಿ ಬಣ್ಣ ಹೊಡೆಯಬೇಕು, ಎಲ್ಲ ಆದ ಮೇಲೆ ಮತ್ತೆ ಬರುತ್ತೇನೆ, ಅಲ್ಲಿಯವರೆಗೆ ಹಾರುವಂತಿಲ್ಲ ಎಂದು ಬರೆದರು. ಹೊಸ ತಗಡು ಬರಲು ಎಷ್ಟು ದಿನ ಎಂದು ಅವರು ಹೇಳುವ ಮೊದಲೇ ನನಗೆ ಗೊತ್ತಿತ್ತು. ನನ್ನ ಎರಡೂವರೆ ತಿಂಗಳು ನನ್ನ ಕಣ್ಣೆದುರೇ ಸೋರಿಹೋಯಿತು.

ಆ ಸಂಜೆ ಮನೆಯಲ್ಲಿ ನಾನು ಹಾರಾಡಿದೆ. ಹುಡ್ಡಿನವರನ್ನು ಬೈದೆ, ಭಾವನನ್ನೂ ಬೈದೆ, ಸೀರೆಗಳನ್ನು ಬೈದೆ. ಅಷ್ಟೂ ಹೊತ್ತು ಹೆಂಡತಿ ಬಾಗಿಲ ಹತ್ತಿರ ಕೂತು ಬಸಳೆ ದಂಟು ಮುರಿಯುತ್ತಿದ್ದಳು. ನನ್ನ ಉಸಿರು ಮುಗಿದ ಮೇಲೆ ತಲೆಯೆತ್ತದೆ ಹೇಳಿದಳು.

"ನಾ ಕಂಡಿದ್ದೆ."

ಏನನ್ನು ಎಂದೆ.

"ನಾಕ್ ದಿನ ಬಿಸ್ಲ್ ಬಂದಿತ್ತಲ್ದಾ. ನೀವ್ ಬ್ರಹ್ಮಾವರಕ್ ಹೋದ ದಿನ ನಾ ಬಸ್ಸಿಗ್ ಹೋಯಿ ಕಂಡ್ಕಂಡ್ ಬಂದೆ. ಆ ಕಿಟ್ಕಿ ಮುಚ್ಳ ತೆಗ್ದ್. ಒಳ್ಗೆ ಪೂರಾ ನೀರ್ ಹನಿ. ಬಣ್ಣ ಆಗ್ಳಿಕೇ ಎರಡ್ ಕಡಿ ಗುಳ್ಳಿ ಎದ್ದಿತ್ತ್."

ನನ್ನ ಮಾತು ಕೂಗಾಗಿಯೇ ಹೊರಟಿತು. ಯಾಕೆ ಹೇಳಲಿಲ್ಲ ಎಂದೆ. ಜುಲೈಯಲ್ಲಿ ಹೇಳಿದ್ದರೆ ಎರಡು ಗುಳ್ಳೆ, ಒಂದು ವಾರದ ಕೆಲಸ.

ಅವಳು ದಂಟು ಕೆಳಗಿಟ್ಟಳು. "ಬಿಚ್ಚಿ ಬನ್ನಿ ಅಂದದ್ ಯಾರ್? ಕಂಡದ್ದನ್ ಹೇಳುಕೆ ಧೈರ್ಯ ಬರ್ಲಿಲ್ಲೆ. ಡಾಕ್ಟ್ರ್ ಹೇಳಿದ್ ನಂಗಲ್ದಾ? ಒಂದ್ ಹಗ್ಗ ಸಡ್ಲ ಆರೆ ಮೂರ್ ದಿನ ಊಟ ಬಿಡ್ತ್ರಿ ನೀವ್. ಇದ್ ಹೇಳಿರೆ ಎಂತ ಆತಿದಿತ್ತೋ. ನಿಮ್ಗೆ ಯಾರೂ ಎಂತದೂ ಹೇಳುದಿಲ್ಲೆ, ಗೊತ್ತಿತ್ತಾ? ನಿನ್ನೆ ಮೊನ್ನೆಯಿಂದ ಅಲ್ಲ, ಮದಿ ಆದಾಗ್ಳಿಂದ."

ನಾನು ಅಂಗಳಕ್ಕೆ ಹೋದೆ. ಅಂಗಳದಲ್ಲಿ ನಡೆಯಲು ಆಗಲಿಲ್ಲ, ನಿಂತೆ. ಮುಂಬಯಿಯಲ್ಲಿದ್ದಾಗ ಅವಳು ಬರೆಯುತ್ತಿದ್ದ ಕಾಗದಗಳು, ಆಮೇಲೆ ಮಾಡುತ್ತಿದ್ದ ಫೋನುಗಳು ನೆನಪಾದವು. ಎಲ್ಲ ಸೌಖ್ಯ, ಎಲ್ಲ ಸೌಖ್ಯ. ಮನೆಯ ಹಿಂದಿನ ಗೋಡೆ ಬಿದ್ದದ್ದು ಮತ್ತೆ ಕಟ್ಟಿಸಿದ ಮೇಲೆ ನನಗೆ ಗೊತ್ತಾಯಿತು. ಅವಳಿಗೆ ಆಪರೇಶನ್ ಆದದ್ದು ಹೊಲಿಗೆ ಬಿಚ್ಚಿದ ಮೇಲೆ ಗೊತ್ತಾಯಿತು. ಆಗೆಲ್ಲ ನಾನು, ಎಷ್ಟು ಗಟ್ಟಿಗಿತ್ತಿ ನೋಡಿ ಎಂದು ವರ್ಕ್‌ಶಾಪಿನಲ್ಲಿ ಹೇಳಿಕೊಂಡು ತಿರುಗಿದವನು. ಅವಳು ಒಬ್ಬಳೇ ಎಷ್ಟನ್ನು ಮುಚ್ಚಿಟ್ಟುಕೊಂಡು ಕೂತಿದ್ದಳು ಎಂದು ಯೋಚಿಸಿದವನಲ್ಲ. ನನಗೆ ಬಹಳ ನಾಚಿಕೆಯಾಯಿತು. ಒಳಗೆ ಹೋಗಿ ಅವಳ ಎದುರು ಕೂತು ಉಳಿದ ದಂಟುಗಳನ್ನು ಮುರಿದೆ.

ತಗಡು ಬಂತು. ನಾನೇ ಕೂತು ರಿವೆಟ್ ಹೊಡೆದೆ, ಕೈ ಇನ್ನೂ ಮರೆತಿರಲಿಲ್ಲ. ಹುಡ್ಡಿನವರು ಹೊದಿಕೆಯ ಒಳಗಿನ ಸೀರೆಗಳನ್ನೆಲ್ಲ ಕಿತ್ತು, ನೀರು ಕುಡಿಯದ ತೆಳು ಬಟ್ಟೆ ಹಾಕಿ, ಬದಿಗಳಲ್ಲಿ ಗಾಳಿಯಾಡಲು ಸೊಳ್ಳೆಪರದೆಯ ಪಟ್ಟಿ ಕೂರಿಸಿ ಕೊಟ್ಟರು. ಕಿಟಕಿ ತೆಗೆಯಲೇ ಎಂದು ಕೇಳಿದರು. ಇರಲಿ ಎಂದೆ. ನಾನು ಬೈದದ್ದನ್ನು ಅವರು ನೆನಪಿಸಲಿಲ್ಲ, ಅದು ಅವರ ದೊಡ್ಡತನ.

ನವೆಂಬರಿನ ಕೊನೆಯ ವಾರ ತಪಾಸಕರು ಬಂದು ಸಹಿ ಹಾಕಿದರು. ನನ್ನ ವೈದ್ಯಕೀಯ ಪತ್ರಕ್ಕೆ ಇನ್ನೂ ಮೂರು ವಾರ ಉಳಿದಿತ್ತು. ಮೂರು ವಾರ ಎಂದರೆ ಕಡಿಮೆಯಲ್ಲ. ಮಾರನೆಯ ಬೆಳಿಗ್ಗೆಯೇ ಹಾರುವುದು ಎಂದು ತೀರ್ಮಾನಿಸಿದೆ. ಬೈಂದೂರಿನಿಂದ ಎದ್ದು, ನಾವುಂದದ ಮನೆಯ ಮೇಲೆ ಒಂದು ಸುತ್ತು ಬಂದು, ಮರವಂತೆಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ರಸ್ತೆ, ಅದನ್ನು ಮತ್ತೊಮ್ಮೆ ಮೇಲಿನಿಂದ ನೋಡುವುದು. ಬೆಳಿಗ್ಗೆ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಹೆಡ್‌ಸೆಟ್ಟು ಚೀಲಕ್ಕೆ ಹಾಕಿ, ಸ್ಕೂಟರಿನ ಕೀ ತೆಗೆದುಕೊಂಡು ಹೊರಟೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಹೋಗಿ ಬನ್ನಿ ಎಂದಳು. ಅಷ್ಟೇ ಹೇಳಿದಳು. ಆದರೆ ಜುಲೈಯ ಆ ದಿನ, ಏನೋ ಹೇಳಲು ಬಾಯಿ ತೆರೆದು ಒಳಗೆ ಹೋಗಿದ್ದಳಲ್ಲ, ಅದೇ ಮುಖ.

ಚೀಲ ಕೆಳಗಿಟ್ಟೆ. ಕಪಾಟಿನ ಮೇಲಿನ ಅರೆಯಿಂದ ಯಂತ್ರ ಇಳಿಸಿ, ಧೂಳು ಒರೆಸಿ, ಅವಳ ಕೈಗೆ ಕೊಟ್ಟೆ. ಪತ್ರ ಚಾಲ್ತಿಯಲ್ಲಿತ್ತು. ನೋಡು ಎಂದು ಯಾವ ಕಾನೂನೂ ಆ ಬೆಳಿಗ್ಗೆ ನನಗೆ ಹೇಳಿರಲಿಲ್ಲ. ನೋಡದಿದ್ದರೆ ಇನ್ನೊಂದೂವರೆ ಗಂಟೆಯಲ್ಲಿ ನಾನು ಆಕಾಶದಲ್ಲಿರುತ್ತಿದ್ದೆ.

"ನೀನೇ ನೋಡು," ಎಂದೆ. "ಇದ್ದದ್ದನ್ನು ಇದ್ದ ಹಾಗೆ ಹೇಳು. ನಾನು ಕೂಗುವುದಿಲ್ಲ."

ಅವಳು ಕನ್ನಡಕ ಹಾಕಿಕೊಂಡು ಪಟ್ಟಿ ಸುತ್ತಿದಳು. ಯಂತ್ರ ಗುಂಯ್‌ಗುಟ್ಟಿ ತೋಳನ್ನು ಬಿಗಿದು, ನಿಧಾನಕ್ಕೆ ಬಿಟ್ಟಿತು. ನಾನು ಗೋಡೆಯ ಕಡೆ ನೋಡುತ್ತಿದ್ದೆ. ಅವಳು ಎರಡು ಅಂಕಿಗಳನ್ನು ಓದಿದಳು. ಮತ್ತೊಮ್ಮೆ ನೋಡು ಎಂದೆ. ಮತ್ತೊಮ್ಮೆ ಸುತ್ತಿ, ಮತ್ತೆ ಓದಿದಳು. ಅಂಕಿ ಇಳಿದಿರಲಿಲ್ಲ. ಒಂದನ್ನೂ ಅವಳು ನನಗಾಗಿ ಕಡಿಮೆ ಮಾಡಲಿಲ್ಲ. ಆ ಅಂಕಿ ತೋಳಿನಲ್ಲಿಟ್ಟುಕೊಂಡು ಯಾರೂ ಹಾರಬಾರದು, ಅದೂ ನನಗೆ ಗೊತ್ತಿತ್ತು.

ಯಜಮಾನರಿಗೆ ಫೋನು ಮಾಡಿ, ಬೇರೆ ಪೈಲಟ್ಟನ್ನು ನೋಡಿಕೊಳ್ಳಿ ಎಂದೆ. ಅವರು ಏನಾಯಿತು ಎಂದು ಕೇಳಿದರು. ಹೇಳಿದೆ. ಡಾಕ್ಟರ ಹತ್ತಿರ ಮಧ್ಯಾಹ್ನ ಹೋದೆವು. ಅವರು ಮಾತ್ರೆ ಬದಲಿಸಿದರು, ಮುಂದಿನ ವರ್ಷದ ಮಾತು ಅವರೂ ಆಡಲಿಲ್ಲ, ನಾನೂ ಕೇಳಲಿಲ್ಲ. ಕುಂದಾಪುರದಿಂದ ವಾಪಸು ಬರುವಾಗ ತ್ರಾಸಿಯ ಹತ್ತಿರ ನನಗೆ ಅಳು ಬಂತು. ಸ್ಕೂಟರು ನಿಲ್ಲಿಸದೆಯೇ ಅತ್ತೆ. ಅವಳಿಗೆ ಗೊತ್ತಾಗಿರಬೇಕು, ಹೆಗಲ ಮೇಲಿದ್ದ ಕೈ ಬಿಗಿಯಾಯಿತು.

ನಾವುಂದ ಬಂದಾಗ ನಾನು ಮನೆಯ ಕಡೆ ತಿರುಗಿಸಲು ಹೋದೆ.

"ಸೀದಾ ಹೋಯ್ನಿ," ಎಂದಳು ಹಿಂದಿನಿಂದ. "ಇಬ್ಬನಿ ಬೀಳತ್ತ್. ಬೆಳಿಗ್ಗೆ ತೆಗ್ದಿಟ್ಟ ಹೊದ್ಕಿ ಹಾಕುಕೆ ಯಾರ್ ಇದ್ರ್ ಅಲ್ಲಿ?"

ಬೆಳಿಗ್ಗೆ ಹೊದಿಕೆ ತೆಗೆಯಲು ನಾನು ಹೋಗಿಯೇ ಇರಲಿಲ್ಲ. ಅದು ಹಿಂದಿನ ಸಂಜೆ ಹಾಕಿದ ಹಾಗೇ ಇತ್ತು, ಅವಳಿಗೂ ಗೊತ್ತಿತ್ತು, ನನ್ನನ್ನು ಅಲ್ಲಿಗೆ ಕರೆದೊಯ್ಯಲು ಅದೊಂದು ನೆಪ. ನಾನು ಬೈಂದೂರಿನ ಕಡೆಗೆ ಓಡಿಸಿದೆ. ಬಯಲು ತಲುಪಿದಾಗ ಇನ್ನೂ ಬೆಳಕಿತ್ತು. ಅವಳು ವಿಮಾನದ ಹಿಂದೆ ಹೋಗಿ ಕಿಟಕಿಯ ಮುಚ್ಚಳದ ಎರಡು ಗುಂಡಿ ಬಿಚ್ಚಿ, ಕಣ್ಣಿಗೆ ಕೈ ಅಡ್ಡ ಹಿಡಿದು ಒಳಗೆ ನೋಡಿದಳು.

"ಎಂತ ಇತ್ತ್?" ಎಂದು ಕೇಳಿದೆ.

"ಒಣ್ಗಿತ್ತ್," ಎಂದಳು. "ಬನ್ನಿ, ನೀವೇ ಕಾಣಿ."

ಹೋಗಿ ನೋಡಿದೆ.